ಡೆರಿಯ ಟೆಂಪಲ್: ಸುಡೋದಕ್ಕೇ ಕಟ್ಟಿದ್ದರ ಒಳಲೆಕ್ಕ ಗೊತ್ತಿದ್ದವರು ಬರೆಯಿರಿ

ಹಳೇಬೀದಿ

ಉತ್ತರ ಐರ್ಲೆಂಡಿನ ಡೆರಿಯಲ್ಲಿ 2015ರ ಮಾರ್ಚ್ 14ರಿಂದ 21ರವರೆಗೆ ನಿಂತಿದ್ದ ಮರದ ‘ಟೆಂಪಲ್’ ಬಗ್ಗೆ ಇಲ್ಲಿ ಆಗಾಗ ಮಾತು ಬರುತ್ತೆ. ಅಮೆರಿಕದ ಡೇವಿಡ್ ಬೆಸ್ಟ್ ವಿನ್ಯಾಸ, ಲಂಡನ್ನಿನ ಆರ್ಟಿಚೋಕ್ ಸಂಸ್ಥೆಯ ಉಸ್ತುವಾರಿ, ಸುಮಾರು 72 ಅಡಿ ಎತ್ತರ, ವಾರದಲ್ಲಿ 60 ಸಾವಿರದಷ್ಟು ಜನ ಬಂದರು, ಕಳೆದುಕೊಂಡವರ ಹೆಸರು, ನೋವು ಬರೆದಿಟ್ಟರು, ಕೊನೆಯ ರಾತ್ರಿ ಬೆಂಕಿ. ಓದಿದ ಬರಹಗಳಲ್ಲೆಲ್ಲ ‘ಜನ ಅತ್ತರು, ಹಗುರಾದರು’ ಅಂತ ಇದೆ. ಹೇಗೆ ಅನ್ನೋದು ಎಲ್ಲೂ ಇಲ್ಲ. ಬೇರೆ ಏನೂ ಅಲ್ಲದೆ ಬೆಂಕಿಯೇ ಯಾಕೆ? ಪ್ಲೈವುಡ್ ಎಷ್ಟು ಬೇಕಾಗುತ್ತೆ? ಜನ ತಂದಿಟ್ಟ ಫೋಟೊ, ಬಟ್ಟೆಗಳನ್ನು ಏನು ಮಾಡ್ತಾರೆ? ಬಲ್ಲವರು ದಯವಿಟ್ಟು ಲೆಕ್ಕ ಸಮೇತ ಬರೆಯಿರಿ. ಸ್ವಂತ ಅನುಭವದ ಕಥೆಗಳಿಗೆ ಬೇರೆ ಎಳೆ ಇದೆ, ಅಲ್ಲಿ ಹಾಕಿ.

ಬಾಗಿಲಕಾವಲು

ಬೆಂಕಿ ಯಾಕೆ ಅನ್ನೋದರಿಂದ ಶುರು ಮಾಡೋಣ, ಉಳಿದದ್ದೆಲ್ಲ ಅದಕ್ಕೇ ಕಟ್ಟಿಕೊಂಡಿದೆ.

ಎರಡು ಪಂಗಡ ದಶಕಗಳ ಕಾಲ ಕಾದಾಡಿದ ಡೆರಿಯಲ್ಲಿ ಬೆಂಕಿಗೆ ಆಗಲೇ ಒಂದು ಅರ್ಥ ಇತ್ತು, ಅದೂ ಕೆಟ್ಟ ಅರ್ಥ. ಜುಲೈ 11ರ ರಾತ್ರಿ ಯೂನಿಯನಿಸ್ಟ್ (ಬ್ರಿಟನ್ ಜೊತೆಗೇ ಇರಬೇಕು ಅನ್ನುವವರು, ಹೆಚ್ಚಿನವರು ಪ್ರಾಟೆಸ್ಟಂಟರು) ಕಡೆಯ ಬೀದಿಗಳಲ್ಲಿ ಸರಕಿನ ಹಲಗೆ, ಟೈರು ಒಟ್ಟಿ ಬೆಂಕಿ ಹಾಕ್ತಾರೆ. ಆಗಸ್ಟ್ 15ಕ್ಕೆ ನ್ಯಾಷನಲಿಸ್ಟ್ (ಐರ್ಲೆಂಡ್ ಜೊತೆ ಸೇರಬೇಕು ಅನ್ನುವವರು, ಹೆಚ್ಚಿನವರು ಕ್ಯಾಥೊಲಿಕರು) ಕಡೆಯ ಬೀದಿಗಳಲ್ಲೂ ಅದೇ. ರಾಶಿಯ ತುದಿಗೆ ಎದುರು ಪಕ್ಷದ ಬಾವುಟ, ಚುನಾವಣೆ ಪೋಸ್ಟರು. ಅಂದರೆ ಮರ ಒಟ್ಟುವುದು, ಹುಡುಗರು ವಾರಗಟ್ಟಲೆ ಕಾವಲು ಕೂರುವುದು, ಕೊನೆಗೆ ಊರೇ ನಿಂತು ನೋಡುವುದು, ಎಲ್ಲ ರೂಢಿ ಅಲ್ಲಿತ್ತು. ಟೆಂಪಲ್ ಆ ರೂಢಿಯನ್ನೇ ಹಿಡಿದು ಒಂದೇ ಒಂದು ಬದಲಾವಣೆ ಮಾಡಿತು: ಎದುರಿನವರದ್ದನ್ನು ಸುಡಬೇಡ, ನಿನ್ನದನ್ನು ನೀನೇ ತಂದಿಡು. ಅದು ಬಿಟ್ಟು ಅದೇ ಊರಲ್ಲಿ ಮರಳಿನ ಶಿಲ್ಪವನ್ನೋ ಹೂವಿನ ರಾಶಿಯನ್ನೋ ಮಾಡಿದ್ದರೆ ಒಂದು ಚಂದದ ಪ್ರದರ್ಶನ ಆಗ್ತಿತ್ತು, ಅಷ್ಟೇ.

ಜಾಗವೂ ಲೆಕ್ಕ ಹಾಕಿದ್ದೇ. ಫಾಯ್ಲ್ ನದಿ ಊರನ್ನು ಎರಡು ಮಾಡುತ್ತೆ. ಪಶ್ಚಿಮ ದಂಡೆಯಲ್ಲಿ ಕ್ಯಾಥೊಲಿಕರು ಹೆಚ್ಚು, ಊರಿನ ಪ್ರಾಟೆಸ್ಟಂಟರಲ್ಲಿ ಹೆಚ್ಚಿನವರು ಇರೋದು ಪೂರ್ವದ ವಾಟರ್‌ಸೈಡ್‌ನಲ್ಲಿ. ಟೆಂಪಲ್ ಕಟ್ಟಿದ್ದು ವಾಟರ್‌ಸೈಡ್‌ನ ಗುಡ್ಡದ ಮೇಲೆ, ಎರಡೂ ದಂಡೆಗಳಿಂದ ಕಾಣುವ ಹಾಗೆ. ಒಳಗೆ ಬರೋಕೆ ಮನಸ್ಸಿಲ್ಲದವನಿಗೂ ಅಡುಗೆಮನೆ ಕಿಟಕಿಯಿಂದ ಕಾಣ್ತಿತ್ತು. ಒಳಗೆ ಶಿಲುಬೆ ಇಲ್ಲ, ಪಾದ್ರಿ ಇಲ್ಲ, ಭಾಷಣದ ವೇದಿಕೆ ಇಲ್ಲ. ಊರಿನ ಹೆಸರನ್ನೇ ಒಬ್ಬರು ಡೆರಿ ಅಂತ, ಇನ್ನೊಬ್ಬರು ಲಂಡನ್‌ಡೆರಿ ಅಂತ ಕರೆಯುವ ಕಡೆ ಒಂದು ಫಲಕ ಬರೆಯೋದೂ ಸುಲಭದ ಕೆಲಸ ಅಲ್ಲ.

ಜಾಲಂದ್ರ

ಕಟ್ಟುವ ಲೆಕ್ಕ ನಾನು ಬರೆಯುತ್ತೇನೆ. ಮೊದಲೇ ಹೇಳಿಬಿಡುತ್ತೇನೆ, ಕೆಳಗಿನ ಅಂಕಿಗಳು ಡೆರಿಯ ಖರ್ಚುಪಟ್ಟಿ ಅಲ್ಲ. ಆ ಅಳತೆಯದ್ದೊಂದನ್ನು ಕಟ್ಟಲು ಹೊರಟರೆ ಕಾಗದದ ಮೇಲೆ ಬರುವ ಲೆಕ್ಕ.

ಬೆಸ್ಟ್ ಟೆಂಪಲ್‌ಗಳ ಗೋಡೆ ಯಾಕೆ ಜಾಲಂದ್ರದ ಹಾಗೆ ತೂತುತೂತು ಅಂದರೆ, 2000ದ ಹೊತ್ತಿಗೆ ನೆವಾಡಾದ ಮರುಭೂಮಿಯಲ್ಲಿ ಮೊದಲ ಸಲ ಕಟ್ಟಿದಾಗ ಕೈಗೆ ಸಿಕ್ಕಿದ್ದು ಮಕ್ಕಳ ಡೈನೋಸಾರ್ ಜೋಡಣೆ ಆಟಿಕೆ ಕತ್ತರಿಸಿ ಉಳಿದ ಪ್ಲೈವುಡ್ ಹಾಳೆಗಳು. ಅವರ ಬಳಗದ ಯುವಕನೊಬ್ಬ ಮೋಟಾರ್‌ಸೈಕಲ್ ಅಪಘಾತದಲ್ಲಿ ತೀರಿಕೊಂಡಿದ್ದ, ಕಟ್ಟಿದ್ದಕ್ಕೆ ಜನ ಬಂದು ತಮ್ಮ ಸತ್ತವರ ಹೆಸರು ಬರೆದರು. ರೂಪ ಮತ್ತು ಕೆಲಸ ಎರಡೂ ಅಲ್ಲಿಂದ ಬಂದವು. ಆಮೇಲೆ ಆ ಕತ್ತರಿಸಿ ಉಳಿದ ರದ್ದಿಯ ವಿನ್ಯಾಸವನ್ನೇ ಕಂಪ್ಯೂಟರ್‌ನಲ್ಲಿ ಬರೆದು ಯಂತ್ರದಲ್ಲಿ ಕತ್ತರಿಸುವ ಕ್ರಮ ಬಂತು.

ಹಾಳೆ 8×4 ಅಡಿ, 9 ಮಿ.ಮೀ. ದಪ್ಪ ಅಂದುಕೊಳ್ಳಿ, ಒಂದರ ತೂಕ 15–16 ಕೆ.ಜಿ. ಶೇ. 40 ಕತ್ತರಿಸಿ ತೆಗೆದರೆ 9 ಕೆ.ಜಿ. ಉಳಿಯುತ್ತೆ. 500 ಹಾಳೆಗೆ ನಾಲ್ಕೂವರೆ ಟನ್. ಒಳಗಿನ ಕಂಬ, ತೊಲೆ, ರೀಪು ಸೇರಿ 20 ಟನ್ ಹತ್ತಿರ ಬರುತ್ತೆ. ಒಂದು ಹಾಳೆಯಲ್ಲಿ ಕತ್ತರಿಸುವ ಗೆರೆಯ ಉದ್ದ 60 ಮೀಟರ್ ಆದರೆ, ಯಂತ್ರ ನಿಮಿಷಕ್ಕೆ ಒಂದೂವರೆ ಮೀಟರ್ ಓಡಿದರೆ, ಹಾಳೆಗೆ 40 ನಿಮಿಷ. 500 ಹಾಳೆಗೆ 333 ಗಂಟೆ. ಎರಡು ಯಂತ್ರ, ದಿನಕ್ಕೆ 8 ಗಂಟೆ: 21 ದಿನ. ಇದಕ್ಕೆ ಹಾಳೆ ಏರಿಸಿ ಇಳಿಸುವ ಸಮಯ, ಬ್ಲೇಡ್ ಮುರಿಯುವ ಸಮಯ ಸೇರಿಸಿ ತಿಂಗಳು ಅಂತ ಇಟ್ಟುಕೊಳ್ಳಿ.

ಕೆಡುವುದು ಎಲ್ಲಿ? ವಿನ್ಯಾಸ ಬರೆದವರು ಎರಡು ತೂತುಗಳ ನಡುವಿನ ಸೊಂಟವನ್ನು 5–6 ಮಿ.ಮೀ.ಗೆ ಇಳಿಸಿಬಿಡ್ತಾರೆ. ಪರದೆಯ ಮೇಲೆ ಚಂದ. ಹಾಳೆ ಎತ್ತುವಾಗಲೇ ಮುರಿಯುತ್ತೆ, ಇಲ್ಲವೇ ಯಾರೋ ಅಲ್ಲಿ ಒಂದು ಫೋಟೊ ಸಿಕ್ಕಿಸಿದಾಗ ಮುರಿಯುತ್ತೆ. 9 ಮಿ.ಮೀ. ಪ್ಲೈಗೆ ಸೊಂಟ 15 ಮಿ.ಮೀ.ಗಿಂತ ಕಮ್ಮಿ ಬೇಡ. ಎರಡನೆಯದು, ಹಾಳೆಯ ಅಂಚಿನ 50 ಮಿ.ಮೀ. ಪೂರ್ತಿ ಗಟ್ಟಿ ಬಿಡಬೇಕು, ಸ್ಕ್ರೂ ಹಿಡಿಯೋಕೆ ಜಾಗ ಬೇಕಲ್ಲ.

ಕತ್ತರಿಸಿ ಉದುರಿದ ತುಂಡುಗಳನ್ನು ಗುಜರಿಗೆ ಹಾಕಬೇಡಿ. ಎಲೆ, ಹನಿ, ಚಂದ್ರನ ಆಕಾರದ ಆ ಅಂಗೈಯಗಲದ ಚೂರುಗಳೇ ಜನರು ಬರೆಯುವ ಹಲಗೆ. ಒಂದು ಹಾಳೆಯಲ್ಲಿ ನೂರು ಸಿಕ್ಕರೆ 500 ಹಾಳೆಗೆ 50 ಸಾವಿರ. ಮರಳುಕಾಗದದಲ್ಲಿ ಒಂದು ಉಜ್ಜು ಉಜ್ಜಿ ಇಡಬೇಕು, ಇಲ್ಲದಿದ್ದರೆ ಬೆರಳಿಗೆ ಸಿಬಿರು.

ಹಳೇಬೀದಿ

ಗಾಳಿಗೆ ನಿಲ್ಲೋದು ಹೇಗೆ ಸರ್? ಮಾರ್ಚ್‌ನಲ್ಲಿ ಅಲ್ಲಿ ಅಟ್ಲಾಂಟಿಕ್ ಗಾಳಿ.

ಜಾಲಂದ್ರ

ಸೆಕೆಂಡಿಗೆ 20 ಮೀಟರ್ ಗಾಳಿ ಒಂದು ಚದರ ಮೀಟರ್‌ಗೆ ಸುಮಾರು 25 ಕೆ.ಜಿ. ಒತ್ತುತ್ತೆ. 22 ಮೀಟರ್ ಎತ್ತರ, ಸರಾಸರಿ 6 ಮೀಟರ್ ಅಗಲ, ಅದರಲ್ಲಿ ಶೇ. 60 ಗಟ್ಟಿ: ಒಟ್ಟು ಎರಡು ಟನ್ ಅಡ್ಡತಳ್ಳು. ಬುಡ 12 ಮೀಟರ್ ಅಗಲ ಇದ್ದು 20 ಟನ್ ತೂಕ ಇದ್ದರೆ ಇಡೀ ಕಟ್ಟಡ ಮಗುಚೋದಿಲ್ಲ. ಎಲ್ಲರೂ ಹೆದರೋದು ಅದಕ್ಕೆ, ಸುಮ್ಮನೆ. ಹೋಗುವುದು ತುದಿ. ಶಿಖರದ ಭಾಗವನ್ನು ನೆಲದಲ್ಲಿ ಜೋಡಿಸಿ ಕ್ರೇನ್‌ನಿಂದ ಎತ್ತಿ ಕೂರಿಸ್ತಾರೆ. ಆ ಒಂದು ಕೂಡು ಬರೀ ಸ್ಕ್ರೂ ಮೇಲೆ ನಿಂತಿದ್ದರೆ ಮೊದಲ ಬಿರುಗಾಳಿಗೆ ಅಲ್ಲಾಡೋಕೆ ಶುರು. ಒಳಗಿನ ಕಂಬಗಳು ಕೂಡಿನ ಮೇಲೂ ಕೆಳಗೂ ಕನಿಷ್ಠ ಒಂದು ಮೀಟರ್ ಒಂದರೊಳಗೊಂದು ಹೋಗಿರಬೇಕು, ಬೋಲ್ಟ್ ಹಾಕಿರಬೇಕು.

ಮಳೆಗೆ ಪ್ಲೈ ಕುಡಿಯೋದು ಮುಖದಿಂದಲ್ಲ, ಅಂಚಿನಿಂದ. ಜಾಲಂದ್ರ ಅಂದರೆ ಬರೀ ಅಂಚೇ. ಒಂದು ವಾರ ತಡೆಯುತ್ತೆ, ಮೂರು ವಾರ ತಡೆಯಲ್ಲ. ಪದರ ಬಿಟ್ಟು ಹೂವಿನ ಹಾಗೆ ಅರಳುತ್ತೆ. ‘ತಾತ್ಕಾಲಿಕ’ ಅನ್ನೋದಕ್ಕೆ ತತ್ವ ಹುಡುಕುವ ಮೊದಲು ಇದೂ ಒಂದು ಕಾರಣ ಅಂತ ನೆನಪಿರಲಿ.

ಕಿಡಿಕಾವಲು

ಬೆಂಕಿಯ ವಿಚಾರಕ್ಕೆ ಬರೋಣ. ಜಾಲಂದ್ರ ಅವರ 20 ಟನ್ನನ್ನೇ ಹಿಡಿಯುತ್ತೇನೆ.

ಒಣಮರ ಕೆ.ಜಿ.ಗೆ 17 ಮೆಗಾಜೂಲ್ ಶಾಖ ಕೊಡುತ್ತೆ. 20 ಟನ್ನಿಗೆ 340 ಗಿಗಾಜೂಲ್. ಅರ್ಧ ಗಂಟೆಯಲ್ಲಿ ಉರಿದುಹೋದರೆ ಸರಾಸರಿ 190 ಮೆಗಾವ್ಯಾಟ್, ಉರಿಯ ನೆತ್ತಿಯಲ್ಲಿ 300 ಅಂತ ಹಿಡಿಯಿರಿ. ಅದರಲ್ಲಿ ಮೂರನೇ ಒಂದು ಪಾಲಿನಷ್ಟು ಕಿರಣವಾಗಿ ಸುತ್ತ ಹರಡುತ್ತೆ. ಜನ ನಿಂತು ನೋಡುವ ಕಡೆ ಚದರ ಮೀಟರ್‌ಗೆ ಒಂದೂವರೆ ಕಿಲೋವ್ಯಾಟ್ ದಾಟಬಾರದು. 5 ಕಿಲೋವ್ಯಾಟ್ ಆದರೆ ಕಾಲು ನಿಮಿಷದೊಳಗೆ ಮುಖ ಉರಿಯೋಕೆ ಶುರು. ಈ ಲೆಕ್ಕದಲ್ಲಿ ತಡೆಗಂಬಿ ಸುಮಾರು 70 ಮೀಟರ್ ದೂರ ಇರಬೇಕು. ಎತ್ತರದ ಮೂರು ಪಟ್ಟು ಅನ್ನುವ ಬಾಯಿಲೆಕ್ಕವೂ ಹೆಚ್ಚುಕಮ್ಮಿ ಅಲ್ಲಿಗೇ ಬಂದು ನಿಲ್ಲುತ್ತೆ.

ಆದರೆ ಶಾಖಕ್ಕಿಂತ ಕಿಡಿ ಕೇಡು. ಜಾಲಂದ್ರದ ತೆಳು ಸೊಂಟಗಳು ಉರಿಯುತ್ತಲೇ ಕಿತ್ತು ಮೇಲೆ ಹೋಗ್ತಾವೆ. ಅಂಗೈಯಗಲದ ಕೆಂಡ, ತೂಕ ಇಲ್ಲ, ಗಾಳಿ ಎಲ್ಲಿಗೆ ಒಯ್ದರೆ ಅಲ್ಲಿಗೆ. ಗಾಳಿಯ ಇಳಿದಿಕ್ಕಿಗೆ 200 ಮೀಟರ್‌ವರೆಗೂ ಜನ, ವಾಹನ, ಒಣಹುಲ್ಲು ಇರಕೂಡದು. ಗಾಳಿ ಯಾವ ದಿಕ್ಕು ಅಂತ ಮೊದಲೇ ಗೊತ್ತಾಗೋದಿಲ್ಲವಾದ್ದರಿಂದ ಜನರನ್ನು ನಿಲ್ಲಿಸುವ ಜಾಗ ಎರಡು ಗುರುತು ಮಾಡಿಟ್ಟು ಅವತ್ತು ಮಧ್ಯಾಹ್ನ ಒಂದನ್ನು ತೆರೆಯುವುದು ಜಾಣತನ. ಮುಂದೂಡುವ ಗಾಳಿಮಿತಿಯನ್ನು ವಾರ ಮೊದಲೇ ಬರೆದಿಡಬೇಕು, ಸೆಕೆಂಡಿಗೆ 8 ಮೀಟರ್ ಅಂತಲೋ 10 ಅಂತಲೋ. ಸಾವಿರಾರು ಜನ ಚಳಿಯಲ್ಲಿ ನಿಂತಮೇಲೆ ‘ಇವತ್ತು ಬೇಡ’ ಅನ್ನುವ ಧೈರ್ಯ ಯಾರಿಗೂ ಬರೋದಿಲ್ಲ. ಬರೆದಿಟ್ಟ ಅಂಕಿ ಇದ್ದರೆ ಆ ಮಾತನ್ನು ಅಂಕಿಯೇ ಹೇಳುತ್ತೆ.

ಹಚ್ಚುವುದು ಒಳಗಿನಿಂದ, ಬುಡದಲ್ಲಿ, ನಾಲ್ಕಾರು ಕಡೆ ಒಟ್ಟಿಗೆ. ಒಣಹುಲ್ಲಿನ ಪಿಂಡಿ, ಮೇಣ ಕುಡಿಸಿದ ಗೋಣಿ. ಪೆಟ್ರೋಲ್ ಬೇಡವೇ ಬೇಡ, ಅದರ ಆವಿ ಕೆಳಗಿಳಿದು ನೆಲದ ಮೇಲೆ ಹರಿದು ಹಚ್ಚುವವನ ಕಾಲ ಹತ್ತಿರ ಬಂದಿರುತ್ತೆ. ಕಟ್ಟಡ ಒಳಮುಖವಾಗಿ ಕುಸಿಯಬೇಕಾದರೆ ನಡುವಿನ ಕಂಬಗಳು ಮೊದಲು ಹೋಗಬೇಕು, ಹೊರಗಿನವು ಕೊನೆಗೆ. ಎಲ್ಲರೂ ಮರೆಯುವುದು ಗಾಳಿಗೆ ಕಟ್ಟಿದ ತಂತಿ. ಒಂದೇ ಒಂದು ಉಕ್ಕಿನ ತಂತಿ ಬಿಗಿಯಾಗಿ ಉಳಿದಿದ್ದರೂ ಉರಿಯುವ ಶಿಖರವನ್ನು ಅದು ತನ್ನ ಕಡೆಗೆ ಎಳೆದು ಕೆಡವುತ್ತೆ. ಹಚ್ಚುವ ಮೊದಲು ಎಲ್ಲ ತಂತಿ ಕತ್ತರಿಸಿ, ಎಣಿಸಿ, ಸಹಿ.

ಬಣ್ಣ ಬೇಡ, ವಾರ್ನಿಷ್ ಬೇಡ. ಹಸಿರು ಛಾಯೆಯ ಔಷಧಿ ಹೊಡೆದ ಹಳೆಯ ಮರ ಒಂದು ತುಂಡೂ ಬೇಡ, ಅದರಲ್ಲಿ ಆರ್ಸೆನಿಕ್ ಇರಬಹುದು. ದಾನವಾಗಿ ಬಂದ ಮರದಲ್ಲೇ ಇದು ನುಸುಳುವುದು.

ಅಲಾಯಿಕುಣಿ

ಎಲ್ಲಾ ಖರೇ, ಆದ್ರ ಒಂದು ಕೇಳ್ತೀನ್ರಿ. ಹೊರಗಿನಿಂದ ಒಬ್ಬ ಕಲಾವಿದ ಬಂದು, ಹೊರಗಿನ ರೊಕ್ಕದಾಗ ಕಟ್ಟಿ, ಎಂಟು ದಿನಕ್ಕ ಸುಟ್ಟು ಹೋದ್ರ ಅದು ಊರಿನವ್ರದ್ದು ಹೆಂಗಾಗ್ತದ? ನಮ್ಮ ಕಡೆ ಮೊಹರಂ ನೋಡ್ರಿ. ಮುದಗಲ್ಲಿನಾಗ ಇರ್ಲಿ, ಸಣ್ಣ ಸಣ್ಣ ಹಳ್ಳಿಯಾಗ ಇರ್ಲಿ, ಬೆಂಕಿ ಹಾಕೋ ಅಲಾಯಿ ಕುಣಿಗೆ ಗುದ್ದಲಿ ಹಾಕೋದ್ರಿಂದ ಹಿಡಿದು ದೇವರು ಹೊಳಿಗೆ ಹೋಗೋತನಕಾ ಯಾರ ಮನಿಯವ್ರು ಏನು ಮಾಡ್ಬೇಕು ಅನ್ನೋದು ಮೊದಲೇ ಗೊತ್ತಿರ್ತದ. ಮುಸಲ್ಮಾನರ ಒಂದು ಮನಿಯೂ ಇಲ್ಲದ ಊರಾಗೂ ಹಬ್ಬ ನಡೀತದ. ಬಿದಿರು ಸೀಳಿ, ಬಣ್ಣದ ಹಾಳಿ ಅಂಟಿಸಿ ತಾಬೂತು ಕಟ್ಟೋದೂ ತಾತ್ಕಾಲಿಕಾನ, ಅದೂ ಕೊನಿಗೆ ಇರಂಗಿಲ್ಲ. ಆದ್ರ ಮುಂದಿನ ವರ್ಷ ಮತ್ತ ಕಟ್ತಾರ. ಡೆರಿಯಾಗ ಮುಂದಿನ ವರ್ಷ ಏನಿತ್ತು?

ಬಾಗಿಲಕಾವಲು

@ಅಲಾಯಿಕುಣಿ, ನಿಮ್ಮ ಪ್ರಶ್ನೆ ಸರಿಯಾಗಿದೆ ಅಣ್ಣಾ, ಪೂರ್ತಿ ಉತ್ತರ ಇಲ್ಲ. ಅರ್ಧ ಉತ್ತರ ಇದು.

ಆರ್ಟಿಚೋಕ್‌ನವರು ಅಲ್ಲಿಗೆ ಹೊಸಬರಾಗಿ ಬಂದವರಲ್ಲ, 2013ರಲ್ಲಿ ಅದೇ ಊರಲ್ಲಿ ದೀಪಗಳ ಉತ್ಸವ ಮಾಡಿದ್ದರು. ಟೆಂಪಲ್‌ನ ಕತ್ತರಿಸುವ, ಜೋಡಿಸುವ ಕೆಲಸಕ್ಕೆ ಎರಡೂ ಕಡೆಯ ಸ್ಥಳೀಯರನ್ನು ಸೇರಿಸಿಕೊಂಡರು. ನನ್ನ ಲೆಕ್ಕದಲ್ಲಿ ಮದ್ದು ಅಂತ ಏನಾದರೂ ಇದ್ದರೆ ಅದು ಆ ವಾರಗಳಲ್ಲಿದೆ, ಉರಿದ ಆ ಅರ್ಧ ಗಂಟೆಯಲ್ಲಲ್ಲ. 2.4 ಮೀಟರ್ ಹಾಳೆ ಒಬ್ಬರಿಂದ ಎತ್ತಿ ಹಿಡಿಯೋಕೆ ಆಗಲ್ಲ. ಒಬ್ಬ ಹಿಡಿಯಬೇಕು, ಇನ್ನೊಬ್ಬ ಸ್ಕ್ರೂ ಹಾಕಬೇಕು. ಯಂತ್ರದ ಗದ್ದಲದಲ್ಲಿ ‘ನೀನು ಯಾವ ಶಾಲೆ’ ಅಂತ ಕೇಳೋಕೂ ಆಗಲ್ಲ. ಅಲ್ಲಿ ಶಾಲೆ ಯಾವುದು ಅಂದರೆ ಧರ್ಮ ಯಾವುದು ಅಂತಲೇ ಅರ್ಥ.

ಇದನ್ನು ಕೆಡಿಸುವ ಸುಲಭದ ದಾರಿ, ಗುಂಪುಗುಂಪಾಗಿ ಪಾಳಿ ಹಾಕುವುದು. ಸೋಮವಾರ ಇವರ ಯುವಕ ಸಂಘ, ಮಂಗಳವಾರ ಅವರದ್ದು. ವ್ಯಾನ್ ಬಾಡಿಗೆಗೆ ಅನುಕೂಲ, ಕಾಗದದಲ್ಲಿ ‘ಎರಡೂ ಸಮುದಾಯದ ಭಾಗವಹಿಸುವಿಕೆ’ ಅಂತ ಬರೆಯೋಕೂ ಅನುಕೂಲ. ಒಬ್ಬರ ಮುಖ ಒಬ್ಬರು ನೋಡಿರೋದಿಲ್ಲ. ಹೆಸರು ಬರೆಸಿಕೊಳ್ಳುವಾಗ ಸಂಘದ ಹೆಸರಲ್ಲಿ ಬೇಡ, ಒಬ್ಬೊಬ್ಬರಾಗಿ ಬರೆಸಿಕೊಳ್ಳಿ. ಜೋಡಿಯನ್ನು ಕೆಲಸ ನೋಡಿ ಮಾಡಿ: ಎತ್ತರಕ್ಕೆ ಹೆದರದವನ ಜೊತೆ ಅಳತೆ ಬಲ್ಲವನು. ಅದು ಬಿಟ್ಟು ಆ ಕಡೆಯವನೊಬ್ಬ ಈ ಕಡೆಯವನೊಬ್ಬ ಅಂತ ಲೆಕ್ಕ ಹಾಕಿ ನಿಲ್ಲಿಸಿದರೆ ಹುಡುಗರಿಗೆ ತಕ್ಷಣ ಗೊತ್ತಾಗುತ್ತೆ.

ಅಲಾಯಿಕುಣಿ

ಪಾಳಿ ಮಾತು ಒಪ್ಪಿದೆ. ಮುಂದಿನ ವರ್ಷದ ಮಾತು ಹಂಗಽ ಉಳೀತು.

ದಾರದುಂಡೆ

‘ಹೊರಗಿನವರದ್ದು’ ಅನ್ನುವ ತಕರಾರು ಒಳಗಿನವರು ಮಾಡಿದಾಗಲೂ ಬರುತ್ತೆ. ಕೊಲಂಬಿಯಾದ ರಾಜಧಾನಿ ಬೊಗೋಟಾ ನೋಡಿ. 2016ರ ಅಕ್ಟೋಬರ್ 2ರ ಜನಮತಗಣನೆಯಲ್ಲಿ ಫಾರ್ಕ್ ಬಂಡುಕೋರರ ಜೊತೆಗಿನ ಶಾಂತಿ ಒಪ್ಪಂದ ಕೂದಲೆಳೆಯಲ್ಲಿ ಬಿತ್ತು, ಬೇಡ ಅಂದವರು ಶೇ. 50.2. ಅಕ್ಟೋಬರ್ 11ಕ್ಕೆ ಅದೇ ದೇಶದ ಕಲಾವಿದೆ ಡೋರಿಸ್ ಸಾಲ್ಸೆಡೊ ಬೊಲಿವಾರ್ ಚೌಕವನ್ನು ಬಿಳಿಬಟ್ಟೆಯಿಂದ ಮುಚ್ಚಿಸಿದರು. ಸುಮಾರು 1,900 ತುಂಡು, ಒಂದೊಂದರ ಮೇಲೂ ಯುದ್ಧದಲ್ಲಿ ಸತ್ತವರೊಬ್ಬರ ಹೆಸರು, ಬೂದಿಯಲ್ಲಿ. ಜನ ಬಂದು ಕೈಯಲ್ಲೇ ಹೊಲಿದು ಒಂದು ಮಾಡಿದರು. ಚೌಕದಲ್ಲಿ ಆಗ ಶಾಂತಿಗಾಗಿ ಡೇರೆ ಹಾಕಿ ಕೂತಿದ್ದವರನ್ನು ಬಟ್ಟೆಗೆ ಜಾಗ ಬೇಕು ಅಂತ ಸರಿಸಬೇಕಾಯಿತು, ಅದಕ್ಕೆ ಟೀಕೆ ಬಂತು. ನ್ಯಾಯವಾದ ಟೀಕೆ ಅಂತಲೇ ನನ್ನ ಅಭಿಪ್ರಾಯ. ಜಾಗವನ್ನು ಖಾಲಿ ಅಂದುಕೊಂಡು ಚಿತ್ರ ಬರೆಯೋದು ಕಲಾವಿದರ ಹಳೇ ಚಾಳಿ.

ಆದರೂ ಹೊಲಿಗೆಯ ಲೆಕ್ಕ ನೋಡುವಂಥದ್ದು. ತುಂಡಿನ ಅಳತೆ ಎರಡೂವರೆ ಮೀಟರ್‌ಗೆ 1.3 ಮೀಟರ್. ಒಂದು ತುಂಡಿನ ಪಾಲಿಗೆ ಅರ್ಧ ಸುತ್ತಳತೆ, ಅಂದರೆ 3.8 ಮೀಟರ್ ಹೊಲಿಗೆ. 1,900ಕ್ಕೆ ಏಳು ಕಿಲೋಮೀಟರ್ ಚಿಲ್ಲರೆ. ಅಭ್ಯಾಸ ಇಲ್ಲದವರು ಓಟದ ಹೊಲಿಗೆಯಲ್ಲಿ ಗಂಟೆಗೆ 6 ಮೀಟರ್ ಹಾಕಿಯಾರು. 1,200 ಆಳುಗಂಟೆ. ಒಂದೇ ಹಗಲಲ್ಲಿ ಮುಗಿಯಬೇಕಾದರೆ ಸದಾ 110–120 ಜನ ಸೂಜಿ ಹಿಡಿದು ಕೂತಿರಬೇಕು, ದಾರ 10 ಕಿಲೋಮೀಟರ್. ಬಟ್ಟೆ ಆರು ಸಾವಿರ ಚದರ ಮೀಟರ್, ಒಣಗಿದ್ದಾಗ ಒಂದು ಟನ್ನಿಗೆ ಹತ್ತಿರ, ನೆನೆದರೆ ಅದರ ಎರಡು ಮೂರು ಪಟ್ಟು.

ತಪ್ಪಾಗೋದು ಹೊಲಿಗೆಯ ಸರದಿಯಲ್ಲಿ. ಎಲ್ಲರೂ ತಮಗೆ ಬೇಕಾದ ಕಡೆ ಕೂತು ಶುರು ಮಾಡಿದರೆ ಪ್ರತಿ ಕೂಡಿನಲ್ಲಿ ಅರ್ಧ ಸೆಂಟಿಮೀಟರ್ ಹೆಚ್ಚುಕಮ್ಮಿ, 50 ಸಾಲು ದಾಟುವಾಗ ಕಾಲು ಮೀಟರ್ ಏರುಪೇರು, ನಡುವೆ ಬಟ್ಟೆ ಗುಡ್ಡೆ ಏಳುತ್ತೆ. ಮೊದಲು ನಡುವಿನ ಒಂದು ಸಾಲು ಉದ್ದಕ್ಕೆ, ಒಂದು ಅಡ್ಡಕ್ಕೆ ಹೊಲಿದು ಶಿಲುಬೆಯ ಹಾಗೆ ಬಿಗಿ ಮಾಡಿ, ಅಲ್ಲಿಂದ ಹೊರಕ್ಕೆ ಹೋಗಬೇಕು. ಸೂಜಿ ಕೊಟ್ಟದ್ದೆಷ್ಟು, ಬಂದದ್ದೆಷ್ಟು ಅಂತ ಎಣಿಸಬೇಕು, ಮಂಡಿಯೂರಿ ಕೂರುವವರಿದ್ದಾರೆ.

ಬೂದಿ ಅಕ್ಷರಕ್ಕೆ: ಬೂದಿಯನ್ನು ಎರಡು ಸಲ ಜರಡಿ ಹಿಡಿದು, ಅಕ್ಷರದ ಅಚ್ಚಿಟ್ಟು ತೆಳುವಾಗಿ ಗೋಂದು ಬಳಿದು, ಮೇಲೆ ಉದುರಿಸಿ, ಒಣಗಿದ ಮೇಲೆ ಕೊಡವಬೇಕು. ಗೋಂದು ದಪ್ಪವಾದರೆ ಬಟ್ಟೆ ಮಡಚಿದಲ್ಲಿ ಅಕ್ಷರ ಬಿರುಕು ಬಿಟ್ಟು ಸಿಪ್ಪೆಯಾಗಿ ಏಳುತ್ತೆ. ಬೂದಿಯಲ್ಲಿ ಕ್ಷಾರ ಇರುತ್ತೆ, ದಿನವಿಡೀ ಕೈ ಹಾಕಿದರೆ ಬೆರಳ ತುದಿ ಒಡೆಯುತ್ತೆ, ಕೈಗವಸು ಬೇಕು.

ಹಳೇಬೀದಿ

ದಾರದುಂಡೆ ಅವರೇ, ಬೂದಿ ಅಕ್ಷರ ಮಾಸಿದರೆ?

ದಾರದುಂಡೆ

ಮಾಸಬೇಕು. ಮಾಸದ ಹಾಗೆ ಬರೆಯಲು ಪೇಂಟ್ ಇತ್ತಲ್ಲ.

ಎರಡುಲೋಟ

ಬೆಂಕಿಯೂ ಇಲ್ಲದೆ ಪ್ರತಿವರ್ಷ ಮತ್ತೆ ಕಟ್ಟುತ್ತಿದ್ದ ಒಂದು ಉದಾಹರಣೆ ಇದೆ, ಅಲಾಯಿಕುಣಿಯವರಿಗೆ ಹಿಡಿಸಬಹುದು. ಬಾಸ್ನಿಯಾದ ಆಯಿದಾ ಶೆಹೋವಿಚ್ ಅವರ ‘ಶ್ತೋ ತೆ ನೆಮಾ’. ನೀನೇಕೆ ಇಲ್ಲ, ಅಂತ ಅರ್ಥ. 1995ರ ಜುಲೈಯ ಸ್ರೆಬ್ರೆನಿತ್ಸಾ ನರಮೇಧದಲ್ಲಿ ಸತ್ತವರಿಗಾಗಿ 2006ರಿಂದ ಪ್ರತಿ ಜುಲೈ 11ರಂದು ಒಂದೊಂದು ಊರಿನ ಚೌಕದಲ್ಲಿ ಹಿಡಿಯಿಲ್ಲದ ಪುಟ್ಟ ಪಿಂಗಾಣಿ ಬಟ್ಟಲುಗಳನ್ನು ನೆಲದ ಮೇಲೆ ಜೋಡಿಸಿ, ಅಲ್ಲೇ ಕಾಫಿ ಕುದಿಸಿ, ದಾರಿಹೋಕರ ಕೈಯಲ್ಲಿ ತುಂಬಿಸುತ್ತಿದ್ದರು. ಯಾರೂ ಕುಡಿಯುತ್ತಿರಲಿಲ್ಲ. ಬಟ್ಟಲುಗಳು ಕುಟುಂಬಗಳು ಕೊಟ್ಟವು, ವರ್ಷವರ್ಷ ಹೆಚ್ಚುತ್ತಾ 2020ರಲ್ಲಿ ಸ್ರೆಬ್ರೆನಿತ್ಸಾದಲ್ಲೇ ಕೊನೆಯ ಸಲ ಇಟ್ಟರು. ಅಲ್ಲಿನ ಸ್ಮಾರಕದ ಕಲ್ಲಿನಲ್ಲಿ ಕೆತ್ತಿದ ಸಂಖ್ಯೆ 8,372.

ಆ ಸಂಖ್ಯೆಯ ಬಟ್ಟಲಿಗೆ ಕಾಫಿ ಎಷ್ಟು? 60 ಮಿ.ಲೀ.ನಂತೆ 500 ಲೀಟರ್. ಪುಡಿ ಬಟ್ಟಲಿಗೆ 7 ಗ್ರಾಮ್‌ನಂತೆ 59 ಕೆ.ಜಿ. ಅರ್ಧ ಲೀಟರ್ ತಾಮ್ರದ ಪಾತ್ರೆಯಲ್ಲಿ ಒಂದು ಕುದಿಗೆ 8 ಬಟ್ಟಲು, ಅಂದರೆ ಸಾವಿರದೈವತ್ತು ಸಲ ಕುದಿಸಬೇಕು. ಒಂದು ಕುದಿಗೆ 6 ನಿಮಿಷವಾದರೆ 10 ಒಲೆ ಹತ್ತೂವರೆ ಗಂಟೆ ಉರಿಯಬೇಕು. ದೊಡ್ಡ ಹಂಡೆಯಲ್ಲಿ ಒಮ್ಮೆಗೇ ಮಾಡಿದರೆ ಆಗದೇ ಅಂತ ಯಾರಾದರೂ ಕೇಳೇ ಕೇಳ್ತಾರೆ. ಕೆಲಸ ಬೇಗ ಮುಗಿಯುತ್ತೆ, ಆದರೆ ಹತ್ತು ಒಲೆಯ ಸುತ್ತ ನಿಲ್ಲುವ ಜನ, ‘ಇದು ಯಾರಿಗೆ’ ಅಂತ ಕೇಳುವ ದಾರಿಹೋಕ, ಎಲ್ಲ ಹೋಯಿತು. ಇಲ್ಲಿ ನಿಧಾನವೇ ಸಾಮಗ್ರಿ.

ಬಟ್ಟಲು ಸಾಗಿಸುವಾಗ ಒಡೆಯುವುದು ಒಂದರೊಳಗೊಂದು ಇಟ್ಟಾಗ. ಕಾಗದ ಸುತ್ತಿ, ಬಾಯಿ ಕೆಳಗೆ ಮಾಡಿ, ಮೊಟ್ಟೆಯ ತಟ್ಟೆಯಂಥ ಖಾನೆಯಲ್ಲಿಡಬೇಕು. ಎರಡು ಬಟ್ಟಲು ಒಂದೇ ತರ ಇರೋದಿಲ್ಲ, ಇದೇ ಅದರ ಚಂದ.

ಜಾಲಂದ್ರ

ಇದೇ ಸಾಲಿನಲ್ಲಿ ಬಾಸ್ನಿಯಾದ ರಾಜಧಾನಿ ಸರಾಯೆವೊ ಕೂಡ. 2012ರ ಏಪ್ರಿಲ್ 6, ಮುತ್ತಿಗೆ ಶುರುವಾಗಿ 20 ವರ್ಷ. ರಂಗನಿರ್ದೇಶಕ ಹಾರಿಸ್ ಪಾಶೋವಿಚ್ ಮುಖ್ಯಬೀದಿಯಲ್ಲಿ, ಮುತ್ತಿಗೆಯಲ್ಲಿ ಸತ್ತ ಒಬ್ಬೊಬ್ಬರಿಗೂ ಒಂದರಂತೆ, 11,541 ಖಾಲಿ ಕೆಂಪು ಕುರ್ಚಿ ಹಾಕಿಸಿದರು, 825 ಸಾಲು. ಭಾಗಿಸಿ ನೋಡಿ, ಸಾಲಿಗೆ 14, ಕೊನೆಯಲ್ಲಿ ಒಂಬತ್ತು ಕುರ್ಚಿ ಕಮ್ಮಿ ಬೀಳುತ್ತೆ. ಮಕ್ಕಳಿಗೆ ಸಣ್ಣ ಕುರ್ಚಿ. ಜನ ಅದರ ಮೇಲೆ ಬೊಂಬೆ, ಹೂವು ಇಟ್ಟು ಹೋದರು. ಸಾಲಿನಿಂದ ಸಾಲಿಗೆ ಒಂದು ಮೀಟರ್ ಬಿಟ್ಟರೆ 825 ಮೀಟರ್ ಬೀದಿ ಬೇಕು.

ಹಳೇಬೀದಿ

ಡೆರಿಗೆ ವಾಪಸ್ ಬರೋಣವೇ? ಜನ ತಂದಿಟ್ಟ ವಸ್ತುಗಳ ವಿಚಾರ ಉಳಿದಿದೆ.

ಬಾಗಿಲಕಾವಲು

ಮೊದಲು ಒಳಗೆ ಎಷ್ಟು ಜನ ಅನ್ನೋದು. 60 ಸಾವಿರವನ್ನು 7 ದಿನಕ್ಕೆ ಹಂಚಿದರೆ ದಿನಕ್ಕೆ ಎಂಟೂವರೆ ಸಾವಿರ, 10 ಗಂಟೆ ತೆರೆದಿದ್ದರೆ ಗಂಟೆಗೆ 850. ಒಬ್ಬರು ಕಾಲು ಗಂಟೆ ಇದ್ದರೆ ಯಾವ ಹೊತ್ತಿಗೂ ಒಳಗೆ 200 ಜನ. ಆದರೆ ಬರೆಯೋಕೆ ಕೂತವರು ಕಾಲು ಗಂಟೆಗೆ ಏಳೋದಿಲ್ಲ. ‘ಸಮಯ ಆಯ್ತು’ ಅಂತ ಎಬ್ಬಿಸಿದರೆ ಅಲ್ಲಿಗೆ ಎಲ್ಲ ಮುಗಿಯಿತು. ಅದಕ್ಕೇ ಬರೆಯುವ ಜಾಗವನ್ನು ಹೊರಗೂ ಇಡಬೇಕು, ಮೇಲೊಂದು ಸೂರು ಹಾಕಿ. ಬರೆದು ಮುಗಿಸಿ ಚೂರು ಹಿಡಿದುಕೊಂಡು ಒಳಗೆ ಬರಲಿ.

ಪೆನ್ನು: ನೀರಿನ ಶಾಯಿಯ ಮಾರ್ಕರ್ ಮೊದಲ ಮಳೆಗೇ ಹರಿದು ಹೆಸರುಗಳೆಲ್ಲ ನೀಲಿ ಕಣ್ಣೀರು. ಸ್ಪಿರಿಟ್ ಶಾಯಿಯದ್ದು ಒದ್ದೆಮರದ ಮೇಲೆ ಬರೆಯಲ್ಲ, ಚಳಿಗೆ ಬೇಗ ಸಾಯುತ್ತೆ. ಒದ್ದೆಯಾದರೂ ಬರೆಯೋದು ಬಡಗಿಯ ಚಪ್ಪಟೆ ಪೆನ್ಸಿಲ್. ದುಂಡಾಗಿಲ್ಲದ್ದರಿಂದ ಇಳಿಜಾರಲ್ಲಿ ಉರುಳಿ ಹೋಗೋದೂ ಇಲ್ಲ. ಸಾವಿರಗಟ್ಟಲೆ ತರಿಸಿ, ಜನ ಜೇಬಿಗೆ ಹಾಕ್ಕೊಂಡು ಹೋಗ್ತಾರೆ, ಹೋಗಲಿ.

ಗೋಡೆಯ ಕೆಳಗಿನ ಮೂರು ಅಡಿ ಮಕ್ಕಳಿಗೆ, ಗಾಲಿಕುರ್ಚಿಯವರಿಗೆ ಬಿಡಬೇಕು. ದೊಡ್ಡವರು ಮೊದಲ ದಿನವೇ ಕಣ್ಣಿನ ಮಟ್ಟವನ್ನೆಲ್ಲ ತುಂಬಿಸಿಬಿಡ್ತಾರೆ. ಮೂರನೇ ದಿನ ಬಂದವರಿಗೆ ಜಾಗ ಇಲ್ಲ ಅನ್ನಿಸಬಾರದು, ದಿನಕ್ಕೊಂದು ಗೋಡೆ ತೆರೆಯುವ ಹಾಗೆ ಕೆಲವು ಭಾಗಕ್ಕೆ ಬಟ್ಟೆ ಹಾಕಿಡಬಹುದು.

ಬೈಗುಳ, ಪಂಗಡದ ಘೋಷಣೆ ಬರೆದರೆ? ಬರೆದೇ ಬರೀತಾರೆ. ಅಳಿಸಿದರೆ ಅದರ ಫೋಟೊ ಆಗಲೇ ಹೊರಗಿರುತ್ತೆ, ‘ನಮ್ಮದನ್ನು ಅಳಿಸಿದರು’ ಅಂತ ಊರೆಲ್ಲ ಸುದ್ದಿ. ಬದುಕಿರುವ ಒಬ್ಬರ ಹೆಸರು, ವಿಳಾಸ, ಬೆದರಿಕೆ ಇದ್ದರೆ ಮಾತ್ರ ಆ ಹಲಗೆಯನ್ನೇ ಬಿಚ್ಚಿ ತೆಗೆಯಿರಿ. ಉಳಿದದ್ದು ಇರಲಿ, ಹೇಗೂ ಶನಿವಾರ ಸುಟ್ಟುಹೋಗುತ್ತೆ. ಮಾರ್ಚ್ 21 ಶನಿವಾರವೇ ಆಗಿತ್ತು.

ಕಿಡಿಕಾವಲು

ವಸ್ತುಗಳನ್ನು ವಿಂಗಡಿಸದೆ ಹಚ್ಚಲೇಬಾರದು. ಬರುವವು: ಗಾಜಿನ ಚೌಕಟ್ಟಿನ ಫೋಟೊ, ಟೆರಿಲಿನ್ ಅಂಗಿ, ಬ್ಯಾಟರಿ ಇರುವ ಬೊಂಬೆ, ಸಿಗರೇಟ್ ಲೈಟರು, ಸೆಂಟಿನ ಡಬ್ಬಿ, ಔಷಧಿ, ಮದ್ಯದ ಬಾಟಲಿ, ಅಸ್ಥಿ. ಸಂಘರ್ಷ ಕಂಡ ಊರಲ್ಲಿ ಗುಂಡಿನ ತೋಟಾ ಕೂಡ ಬರಬಹುದು, ಬೆಂಕಿಗೆ ಬಿದ್ದರೆ ಸಿಡಿಯುತ್ತೆ. ಪ್ರತಿ ರಾತ್ರಿ ಬಾಗಿಲು ಹಾಕಿದ ಮೇಲೆ ಇಬ್ಬಿಬ್ಬರಾಗಿ, ಟಾರ್ಚ್ ಹಿಡಿದು, ಒಂದೊಂದನ್ನೂ ನೋಡಬೇಕು. ಕೊನೆಯ ದಿನ ಒಮ್ಮೆಗೇ ಮಾಡುತ್ತೇವೆ ಅಂದವರು ಮಾಡೋದಿಲ್ಲ.

ಗಾಜು ತೆಗೆದು ಫೋಟೊ ಅಲ್ಲೇ ವಾಪಸ್ ಇಡಿ. ಬ್ಯಾಟರಿ ತೆಗೆದು ಬೊಂಬೆ ವಾಪಸ್. ಡಬ್ಬಿ, ಲೈಟರು, ತೋಟಾ ಮಾತ್ರ ಹೊರಕ್ಕೆ, ತೋಟಾ ಪೊಲೀಸರಿಗೆ. ಇದನ್ನು ಬಾಗಿಲಲ್ಲೇ ಬರೆದು ಹಾಕಿ, ಗುಟ್ಟಾಗಿ ತೆಗೆಯಬೇಡಿ. ‘ನಿಮ್ಮ ವಸ್ತುವಿನಿಂದ ಗಾಜು, ಬ್ಯಾಟರಿ ಮಾತ್ರ ತೆಗೆಯುತ್ತೇವೆ’ ಅಂತ ಒಂದು ಸಾಲು ಸಾಕು.

ಅಲಾಯಿಕುಣಿ

ಇಟ್ಟಮ್ಯಾಲೆ ಮನಸು ಬದಲಾಗಿ ವಾಪಸ್ ಬೇಕು ಅಂದ್ರ?

ಬಾಗಿಲಕಾವಲು

ಒಳ್ಳೇ ಪ್ರಶ್ನೆ, ಆಗುತ್ತೆ ಇದು. ಕೊನೆಯ ದಿನ ಮಧ್ಯಾಹ್ನದವರೆಗೆ ಕೇಳಬಹುದು ಅಂತ ಗಡುವಿಡಬೇಕು. ಬಂದವರ ಜೊತೆ ಒಬ್ಬರು ಒಳಗೆ ಹೋಗಿ ಅವರ ಕೈಯಿಂದಲೇ ತೆಗೆಸಬೇಕು. ಯಾಕೆ ಅಂತ ಕೇಳಬಾರದು. ಸುಡೋದಕ್ಕೆ ತಯಾರಿಲ್ಲದವರೂ ಇದ್ದಾರೆ, ಅವರಿಗೆ ಇದು ಸೋಲು ಅನ್ನಿಸಬಾರದು. ಫ್ಲಾರಿಡಾದ ಪಾರ್ಕ್‌ಲೆಂಡ್ ಶಾಲೆಯ ಗುಂಡಿನ ದಾಳಿಯಲ್ಲಿ 17 ಜನ ಸತ್ತ ಮೇಲೆ ಬೆಸ್ಟ್ ಪಕ್ಕದ ಕೋರಲ್ ಸ್ಪ್ರಿಂಗ್ಸ್‌ನಲ್ಲಿ ಕಟ್ಟಿದ ‘ಟೆಂಪಲ್ ಆಫ್ ಟೈಮ್’ ಅನ್ನು 2019ರ ಫೆಬ್ರವರಿ 14ಕ್ಕೆ ತೆರೆದು ಮೇ 19ರವರೆಗೆ ನಿಲ್ಲಿಸಿದ್ದರು. ಡೆರಿಯ ಒಂದು ವಾರದ ಪಕ್ಕದಲ್ಲಿ ಮೂರು ತಿಂಗಳು. ಗಾಯ ಹಸಿ ಇದ್ದಲ್ಲಿ ಅವಧಿ ಹೆಚ್ಚು ಬೇಕು ಅಂತ ನನಗನ್ನಿಸೋದು. ದಶಕಗಳ ಹಳೆಯ ಗಾಯಕ್ಕೆ ಒಂದು ವಾರದ ಗಡುವೇ ಜನರನ್ನು ಎಬ್ಬಿಸಿ ಕರೆತರುತ್ತೆ.

ಎರಡುಲೋಟ

ಮೂರು ತಿಂಗಳಾದರೆ ಜಾಲಂದ್ರ ಅವರ ಅರಳುವ ಪ್ಲೈವುಡ್?

ಜಾಲಂದ್ರ

ನೀರು ತಡೆಯುವ ಅಂಟಿನ ಹಾಳೆ, ಮೇಲೊಂದು ಗಟ್ಟಿ ಸೂರು, ಬುಡ ನೆಲದಿಂದ ಒಂದಡಿ ಮೇಲೆ. ಖರ್ಚು ಎರಡು ಪಟ್ಟು.

ಹಳೇಬೀದಿ

ಕೊನೆಯದಾಗಿ, ಸುಟ್ಟ ಮರುದಿನ ಬೆಳಿಗ್ಗೆ ಅಲ್ಲಿ ಏನಿರುತ್ತೆ?

ಕಿಡಿಕಾವಲು

20 ಟನ್ ಮರಕ್ಕೆ ಬೂದಿ 100ರಿಂದ 200 ಕೆ.ಜಿ., ಜೊತೆಗೆ ಅರೆಸುಟ್ಟ ಕಂಬದ ತುಂಡು. ಕೆಂಡ ಒಳಗೊಳಗೇ ಎರಡು ದಿನ ಇರುತ್ತೆ. ಮೇಲೆ ತಣ್ಣಗೆ ಕಂಡರೂ ಕಾವಲು ತೆಗೆಯಬೇಡಿ, ಬೂದಿ ಬೇಕು ಅಂತ ಡಬ್ಬಿ ಹಿಡಿದು ಬರುವವರು ಬೆಳಿಗ್ಗೆಯೇ ಬರ್ತಾರೆ. ತಣಿದ ಮೇಲೆ ಜರಡಿ ಹಿಡಿದು ತಗಡಿನ ಡಬ್ಬಿಯಲ್ಲಿ ಕೊಡಿ, ಪ್ಲಾಸ್ಟಿಕ್ ಚೀಲದಲ್ಲಿ ಬೇಡ. ನೆಲಕ್ಕೆ ಮೊದಲೇ 10 ಸೆಂಟಿಮೀಟರ್ ಮರಳು ಹಾಸಿದ್ದರೆ ಹುಲ್ಲಿನ ಬೇರು ಉಳಿಯುತ್ತೆ. 20 ಮೀಟರ್ ವ್ಯಾಸದ ವೃತ್ತಕ್ಕೆ 31 ಘನ ಮೀಟರ್ ಮರಳು.

ಜಾಲಂದ್ರ

ಸ್ಕ್ರೂ ಮರೆತಿರಿ. ಹಾಳೆಗೆ 20ರಂತೆ 500 ಹಾಳೆಗೆ 10 ಸಾವಿರ, ಮೂವತ್ತು ನಲವತ್ತು ಕೆ.ಜಿ. ಉದ್ದ ಕೋಲಿಗೆ ಅಯಸ್ಕಾಂತದ ಪಟ್ಟಿ ಕಟ್ಟಿ ಮರಳಿನ ಮೇಲೆ ಒಮ್ಮೆ ಉದ್ದಕ್ಕೆ, ಒಮ್ಮೆ ಅಡ್ಡಕ್ಕೆ ಎಳೆಯಬೇಕು. ಪಟ್ಟಿಗೆ ಮೊದಲೇ ಒಂದು ಗೋಣಿಬಟ್ಟೆ ಸುತ್ತಿದ್ದರೆ ಬಟ್ಟೆ ಬಿಚ್ಚಿದ ಕೂಡಲೇ ಎಲ್ಲ ಉದುರುತ್ತೆ. ಕಟ್ಟುವಾಗ ಹಾಕಿದ್ದ ಸ್ಕ್ರೂ ಡಬ್ಬಿಗಳ ಲೆಕ್ಕ ಇಟ್ಟಿದ್ದರೆ, ಬಂದದ್ದನ್ನು ತಕ್ಕಡಿಗೆ ಹಾಕಿ ನೋಡಿ. ಎರಡು ಕೆ.ಜಿ. ಕಮ್ಮಿ ಬಿದ್ದರೆ ಇನ್ನೂ 500–600 ಸ್ಕ್ರೂ ಹುಲ್ಲಲ್ಲಿವೆ ಅಂತ ಲೆಕ್ಕ, ಇನ್ನೊಂದು ಸುತ್ತು ಎಳೆಯಿರಿ.

ಅಲಾಯಿಕುಣಿ

ಆ ಸ್ಕ್ರೂ ಎಸೀಬ್ಯಾಡ್ರಿ. ಸುಟ್ಟ ಕಬ್ಬಿಣ ಮೆತ್ತಗಾಗಿರ್ತದ, ಮತ್ತ ಕಟ್ಟಡಕ್ಕ ಬರಂಗಿಲ್ಲ ಖರೇ. ಆದ್ರ ಮುಂದಿನ ವರ್ಷ ಕಟ್ಟೋರಿಗೆ ಒಂದು ಡಬ್ಬಿ ತೆಗೆದಿಡ್ರಿ, ಎಷ್ಟು ಬೇಕಾಗ್ತಾವ ಅಂತ ಅವ್ರಿಗೂ ಗೊತ್ತಾಗ್ಲಿ.